ಮಂಗಳೂರು–ದುಬೈ ವಿಮಾನದ ನಡುಸೀಟು: ಟೇಪು ಹಿಡಿದು ನೋಡಿ ಬರೆದದ್ದು

ಎರಡು ಆರ್ಮ್‌ರೆಸ್ಟ್‌ಗಳ ನಡುವೆ ಹದಿನೇಳೂಕಾಲು ಇಂಚು. ಮಂಗಳೂರಿನಿಂದ ದುಬೈಗೆ ಹೋಗುವ ವಿಮಾನದಲ್ಲಿ ನನಗೆ ಸಿಕ್ಕ ನಡುಸೀಟಿನ ಅಗಲ ಇಷ್ಟು. ಅಂದಾಜಿನ ಲೆಕ್ಕ ಅಲ್ಲ, ಟೇಪು ಹಿಡಿದೇ ನೋಡಿದ್ದು. ಉಡುಪಿಯಲ್ಲಿ ನನ್ನದು ಟೈಲರಿಂಗ್ ಅಂಗಡಿ. ಅಪ್ಪ ಗಂಡಸರ ಬಟ್ಟೆ ಹೊಲಿಯುತ್ತಿದ್ದರು. ನಾನು ಅವರ ಹತ್ತಿರವೇ ಕಲಿತೆ. ಈಗ ಬ್ಲೌಸು, ಚೂಡಿದಾರದ ಕೆಲಸ ಜಾಸ್ತಿ. ಆದರೆ ಅಪ್ಪನ ಕಾಲದ ಗಿರಾಕಿಗಳ ಪ್ಯಾಂಟು ಶರ್ಟು ಇವತ್ತಿಗೂ ನಾನೇ ಕಟಿಂಗ್ ಮಾಡುತ್ತೇನೆ. ಬ್ಯಾಗಿನಲ್ಲಿ ಟೇಪು ಯಾವಾಗಲೂ ಇರುತ್ತದೆ. ದೊಡ್ಡ ಕತ್ತರಿಯನ್ನು ಸೆಕ್ಯೂರಿಟಿಯವರು ಬಿಡುವುದಿಲ್ಲ, ಟೇಪಿಗೆ ಅಡ್ಡಿ ಇಲ್ಲ.

ಕಂಪನಿಯ ಹೆಸರು ಬರೆಯುವುದಿಲ್ಲ. ಕಡಿಮೆ ದರದ ಯಾವ ವಿಮಾನ ಹತ್ತಿದರೂ ಸೀಟಿನ ಅಳತೆ ಹೆಚ್ಚುಕಮ್ಮಿ ಇದೇ. ಹೆಸರಿಗಿಂತ ಆ ಅಳತೆಯ ಬಗ್ಗೆಯೇ ನನಗೆ ಹೇಳಲಿಕ್ಕೆ ಇರುವುದು.

ಮಂಗಳೂರಿನ ಬಜಪೆ ವಿಮಾನ ನಿಲ್ದಾಣದ ಬಗ್ಗೆ ನನ್ನ ದೂರು ಏನೂ ಇಲ್ಲ. ಉಡುಪಿಯಿಂದ ಮೂಲ್ಕಿ, ಕಿನ್ನಿಗೋಳಿ, ಕಟೀಲು ದಾರಿಯಾಗಿ ಬಂದೆವು. ಮಗಳ ಬಾಣಂತನಕ್ಕೆ ಹೊರಟಿದ್ದರಿಂದ ಪೆಟ್ಟಿಗೆಯಲ್ಲಿ ಕುಚ್ಚಲಕ್ಕಿ, ಬಾಣಂತಿ ಲೇಹ್ಯ, ಹಳೆಯ ಮೆತ್ತನೆಯ ಪಂಚೆಯಿಂದ ಹೊಲಿದ ಮಗುವಿನ ಬಟ್ಟೆಗಳು ಇದ್ದವು. ಕೌಂಟರಿನವರು ತೂಕ ನೋಡಿ ಮರ್ಯಾದೆಯಿಂದ ಮಾತನಾಡಿಸಿದರು. ಇಮಿಗ್ರೇಶನ್ ಸಾಲು ಬೇಗ ಮುಗಿಯಿತು. ಕುಡಿಯುವ ನೀರು, ಶೌಚಾಲಯ ಎಲ್ಲ ಚೆನ್ನಾಗಿತ್ತು. ಅಷ್ಟು ಸಾಕು.

ಸೀಟಿಗೆ ಬರುತ್ತೇನೆ. ಕಿಟಕಿ ಹತ್ತಿರ ಒಬ್ಬ ಹುಡುಗ, ಸಪೂರ, ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿರಬಹುದು. ಮೊದಲ ಸಲ ಕೆಲಸಕ್ಕೆ ಹೋಗುತ್ತಿದ್ದವನು. ನಡುವೆ ನಾನು. ಓಡಾಡುವ ದಾರಿಯ ಬದಿಗೆ ಕಾಪು ಕಡೆಯ ಒಬ್ಬರು ಬಂದರು. ದುಬೈಯಲ್ಲಿ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸವಂತೆ. ಎತ್ತರದ, ದೊಡ್ಡ ಮೈಯ ಮನುಷ್ಯ. ಕೂರುವುದಕ್ಕೆ ಮೊದಲೇ ನನ್ನ ಮುಖ ನೋಡಿ ಹೇಳಿದರು:

"ಅಕ್ಕಾ, ನಾನು ದಪ್ಪ ಉಂಟು. ನಿಮಗೆ ಕಷ್ಟ ಆಗ್ತದೆ. ಬೇಜಾರು ಮಾಡ್ಬೇಡಿ."

ಈ ಮಾತನ್ನು ಅವರು ಎಷ್ಟು ಜನರಿಗೆ ಹೇಳಿರಬಹುದು ಎಂದು ನನಗೆ ಆಗಲೇ ಅನ್ನಿಸಿತು. ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡ ಮನುಷ್ಯ ತನ್ನ ಸೀಟಿನಲ್ಲಿ ಕೂರುವುದಕ್ಕೆ ಪಕ್ಕದವರ ಹತ್ತಿರ ಬೇಡಿಕೊಳ್ಳಬೇಕಾ? "ದಾಲಾ ತೊಂದರೆ ಇಜ್ಜಿ (ಏನೂ ತೊಂದರೆ ಇಲ್ಲ), ಕೂತುಕೊಳ್ಳಿ" ಅಂದೆ. ಆದರೆ ತೊಂದರೆ ಇತ್ತು. ನನಗೂ ಇತ್ತು, ಅವರಿಗೂ ಇತ್ತು. ಅದು ಎಲ್ಲಿಂದ ಬಂತು ಎಂದು ಹೇಳುತ್ತೇನೆ.

ನನ್ನ ಅಂಗಡಿಗೆ ಬರುವ ಸಾಧಾರಣ ಮೈಕಟ್ಟಿನ ಗಂಡಸಿನ ಶೋಲ್ಡರ್ ಹದಿನೇಳೂವರೆ, ಇಲ್ಲವೇ 18 ಇಂಚು. ಅದು ಭುಜದ ಮೂಳೆಯಿಂದ ಮೂಳೆಗೆ ಹಿಡಿಯುವ ಅಳತೆ. ತೋಳಿನ ದಪ್ಪ ಅದರ ಹೊರಗೆ ಬರುತ್ತದೆ. ಈ ತೋಳಿನ ಹೊರಗಿನಿಂದ ಆ ತೋಳಿನ ಹೊರಗೆ ಹಿಡಿದರೆ 19 ದಾಟುತ್ತದೆ. ಅಂದರೆ ಸಾಧಾರಣ ಗಂಡಸೇ ಈ ಸೀಟಿಗಿಂತ ಅಗಲ. ದಪ್ಪ ಇರುವವರ ಮಾತು ಆಮೇಲೆ. ಇನ್ನೊಂದು ವಿಷಯ ಟೈಲರಿಗೆ ಗೊತ್ತಿರುತ್ತದೆ. ನಿಂತಾಗ ಹಿಡಿದ ಸೊಂಟದ ಕೆಳಗಿನ ಅಳತೆ ಕೂತಾಗ ಇರುವುದಿಲ್ಲ, ಹರಡುತ್ತದೆ. ಅದಕ್ಕೇ ಪ್ಯಾಂಟಿಗೆ ಲೂಸ್ ಬಿಡುತ್ತೇವೆ. ಲೂಸ್ ಬಿಡದೆ ಕಟಿಂಗ್ ಮಾಡಿದರೆ ಕೂತ ತಕ್ಷಣ ಹೊಲಿಗೆ ಬಿಡುತ್ತದೆ. ವಿಮಾನದ ಸೀಟಿನಲ್ಲಿ ಒಂದು ಇಂಚಿನ ಲೂಸ್ ಕೂಡ ಇಲ್ಲ.

ನನ್ನ ಪಕ್ಕದವರ ಅಳತೆ ಕಣ್ಣಲ್ಲೇ ತಿಳಿಯಿತು. ತೋಳಿನಿಂದ ತೋಳಿಗೆ 23 ಇಂಚು. ಸೀಟಿನ ಅಗಲಕ್ಕೆ ಎರಡೂ ಆರ್ಮ್‌ರೆಸ್ಟಿನ ಅರ್ಧರ್ಧ ಸೇರಿಸಿದರೂ ಹತ್ತೊಂಬತ್ತೂಕಾಲು. ಹತ್ತಿರ ಹತ್ತಿರ 4 ಇಂಚು ಮೈ ಎಲ್ಲಿ ಹೋಗಬೇಕು? 2 ಇಂಚು ದಾರಿಯ ಕಡೆಗೆ, 2 ಇಂಚು ನನ್ನ ಕಡೆಗೆ. ಅವರು ಮೊದಲು ಹಾಗೇ ಕೂತಿದ್ದರು. ಆದರೆ ಹತ್ತುವವರ ಬ್ಯಾಗುಗಳು ಒಂದೊಂದಾಗಿ ಅವರ ಬಲದ ಭುಜಕ್ಕೆ ಬಡಿದವು. ಮೇಲೆ ಹಾರಿದ ಮೇಲೆ ತಿಂಡಿಯ ಟ್ರಾಲಿ ಬಂತು. ಅದರ ಕಬ್ಬಿಣದ ಮೂಲೆ ಮೊಣಕೈಗೆ ತಾಗಿತು. ತಳ್ಳುತ್ತಿದ್ದ ಹುಡುಗಿ "ಸರ್, ಸ್ವಲ್ಪ ಒಳಗೆ" ಅಂದಳು. ಅವರು ಒಳಗೆ ಜರುಗಿದರು. ಒಳಗೆ ಅಂದರೆ ಎಲ್ಲಿ? ನನ್ನ ಮೇಲೆಯೇ. ಆ 4 ಇಂಚೂ ನನ್ನ ಪಾಲಿಗೆ ಬಂತು. ಅವರು ಬೇಕೆಂದು ಬಂದದ್ದಲ್ಲ, ಟ್ರಾಲಿ ತಳ್ಳಿದ್ದು.

ನನಗೆ ಇಷ್ಟವಾಯಿತು ಎಂದು ಸುಳ್ಳು ಹೇಳುವುದಿಲ್ಲ. ಗುರುತಿಲ್ಲದ ಗಂಡಸಿನ ತೋಳು ಮೈಗೆ ಒತ್ತಿಕೊಂಡು ಮೂರೂವರೆ ಗಂಟೆ ಕೂರುವುದು ಯಾವ ಹೆಂಗಸಿಗೂ ಇಷ್ಟವಾಗುವುದಿಲ್ಲ. ಅವರು ಎಷ್ಟೇ ಒಳ್ಳೆಯವರಾಗಿರಲಿ. ನಾನೂ ಪೂರ್ತಿ ಸೀಟಿನ ದುಡ್ಡು ಕೊಟ್ಟಿದ್ದೇನೆ, ಪೂರ್ತಿ ಸೀಟು ನನಗೆ ಬೇಕು. ಇದನ್ನು ಹೇಳಿದರೆ ದಪ್ಪ ಇರುವವರನ್ನು ಬೈದಂತೆ ಎಂದು ಕೆಲವರು ತಿಳಿಯುತ್ತಾರೆ. ಹಾಗಲ್ಲ. ನನ್ನ ಜಾಗ ನನಗೆ ಬೇಕು ಅನ್ನುವುದೂ ಸರಿ. ಅವರಿಗೆ ಅವರ ಮೈ ಹಿಡಿಯುವಷ್ಟು ಜಾಗ ಬೇಕು ಅನ್ನುವುದೂ ಸರಿ. ಎರಡಕ್ಕೂ ದುಡ್ಡು ತೆಗೆದುಕೊಂಡು ಎರಡನ್ನೂ ಕೊಡದವರು ಬೇರೆ.

ಕಿಟಕಿಯ ಹುಡುಗನ ಹತ್ತಿರ ಸೀಟು ಬದಲಾಯಿಸೋಣವಾ ಎಂದು ಕೇಳಿದೆ. ಅವನ ಶೋಲ್ಡರ್ 16 ದಾಟುವುದಿಲ್ಲ, ನಡುವೆ ಅವನು ಕೂತರೆ ಮೂವರಿಗೂ ಸ್ವಲ್ಪ ಸಲೀಸು ಎಂಬುದು ನನ್ನ ಲೆಕ್ಕ. ಅವನು ಸಂಕೋಚದಿಂದ, "ಆಂಟಿ, ಕಿಟಕಿಗೆ ಬೇರೆ ದುಡ್ಡು ಕೊಟ್ಟಿದ್ದೇನೆ, ಊರು ಮೇಲಿನಿಂದ ನೋಡ್ಬೇಕು ಅಂತ" ಅಂದ. ನ್ಯಾಯವೇ ಅಲ್ವಾ? ಮನೆ ಬಿಟ್ಟು ಹೋಗುತ್ತಿರುವ ಹುಡುಗ. ಮತ್ತೆ ಕೇಳಲಿಲ್ಲ. ಸೀಟು ಬದಲಿಸಿ ಎಂದು ಕೇಳುವುದು ನಮ್ಮ ಹಕ್ಕಲ್ಲ. ಒಂದು ಸಲ ಕೇಳಬಹುದು. ಇಲ್ಲ ಅಂದರೆ ಮುಖ ಸಿಂಡರಿಸದೆ ಬಿಡಬೇಕು.

ಈಗ ನನಗೆ ತುಂಬ ಬೇಸರವಾದ ವಿಷಯ. ಪಕ್ಕದವರ ಬೆಲ್ಟು ಮುಚ್ಚಲಿಲ್ಲ. ಇಂಥವರಿಗೆ ಸೇರಿಸಿಕೊಳ್ಳುವ ತುಂಡು ಬೆಲ್ಟು ವಿಮಾನದಲ್ಲೇ ಇರುತ್ತದೆ. ಅವರು ಸಿಬ್ಬಂದಿಯನ್ನು ಕರೆದು ಮೆಲ್ಲಗೆ ಕೇಳಿದರು. ಆ ಹುಡುಗಿ ಮುಂದಕ್ಕೆ ಹೋಗಿ, ಅಲ್ಲಿಂದಲೇ ಬೆಲ್ಟನ್ನು ಮೇಲಕ್ಕೆತ್ತಿ ಹಿಡಿದು, "ಎಕ್ಸ್‌ಟೆನ್ಶನ್ ಬೆಲ್ಟ್ ಕೇಳಿದ್ದು ಯಾರು?" ಎಂದು ಗಟ್ಟಿಯಾಗಿ ಕೂಗಿದಳು. ಕಿತ್ತಳೆ ಬಣ್ಣದ ಗುರುತಿನ ಬೆಲ್ಟು, ಎಲ್ಲರಿಗೂ ಕಾಣುತ್ತಿತ್ತು. ಮುಂದಿನ ಸಾಲುಗಳವರು ತಿರುಗಿ ನೋಡಿದರು. ಅವರು ಕೈ ಎತ್ತಬೇಕಾಯಿತು. ಆಮೇಲೆ ಬಹಳ ಹೊತ್ತು ಅವರು ತಲೆ ಎತ್ತಲಿಲ್ಲ. ಆ ಹುಡುಗಿಗೆ ಕೆಟ್ಟ ಮನಸ್ಸು ಇರಲಿಲ್ಲ, ಗಡಿಬಿಡಿಯಲ್ಲಿದ್ದಳು. ಆದರೆ ಟ್ರೇನಿಂಗಿನಲ್ಲಿ ಹೇಳಿಕೊಡಬೇಕಾದ ಮಾತು ಇದು. ನಾನು ಗಿರಾಕಿಯ ಸೊಂಟದ ಅಳತೆಯನ್ನು ಕೂಗಿ ಹೇಳುವುದಿಲ್ಲ. ಅಪ್ಪ ಕಲಿಸಿದ ಮೊದಲ ಪಾಠವೇ ಅದು. ಅಂಗಡಿಯಲ್ಲಿ ಬೇರೆಯವರಿದ್ದರೆ ಅಳತೆ ಪುಸ್ತಕದಲ್ಲಿ ಬರೆಯಬೇಕು, ಬಾಯಲ್ಲಿ ಹೇಳಬಾರದು.

ಅಷ್ಟರಲ್ಲಿ ದಾರಿಯ ಆಚೆ ಬದಿಯಲ್ಲಿ ಒಬ್ಬ ಮೊಬೈಲು ಎತ್ತಿ ಫೋಟೋ ತೆಗೆಯಲು ನೋಡಿದ. ನಾನು ಅವನನ್ನೇ ನೋಡಿದೆ, ಕೈ ತೋರಿಸಿ ಬೇಡ ಅಂದೆ. ಇಳಿಸಿದ. ದಪ್ಪ ಇರುವವರ ಫೋಟೋ ತೆಗೆದು, ನೋಡಿ ನನ್ನ ಪಕ್ಕ ಯಾರು ಕೂತಿದ್ದಾರೆ ಎಂದು ಹಾಕುವವರನ್ನು ಮೊಬೈಲಿನಲ್ಲಿ ನೋಡಿದ್ದೇನೆ. ಅದಕ್ಕಿಂತ ಕೆಟ್ಟ ಕೆಲಸ ವಿಮಾನದ ಒಳಗೆ ಬೇರೆ ಇಲ್ಲ.

ಆಮೇಲೆ ನಾನೂ ಪಕ್ಕದವರೂ ಮಾತಾಡಿ ಒಂದು ದಾರಿ ಮಾಡಿಕೊಂಡೆವು. ಇದು ಬೇರೆಯವರಿಗೂ ಉಪಯೋಗವಾಗಬಹುದು. ಆರ್ಮ್‌ರೆಸ್ಟಿನ ಅಗಲ ಬರೀ 2 ಇಂಚು. ಅಗಲದಲ್ಲಿ ಇಬ್ಬರು ಹಂಚಿಕೊಳ್ಳಲು ಆಗುವುದಿಲ್ಲ. ಆದರೆ ಉದ್ದ ಒಂದಡಿಯಷ್ಟು ಇರುತ್ತದೆ. ಉದ್ದದಲ್ಲಿ ಹಂಚಿಕೊಳ್ಳಬಹುದು. ನಾನು ಬೆನ್ನನ್ನು ಹಿಂದಕ್ಕೆ ಒರಗಿಸಿ ಮೊಣಕೈಯನ್ನು ಹಿಂಭಾಗದಲ್ಲಿ ಇಟ್ಟೆ. ಅವರು ಸ್ವಲ್ಪ ಮುಂದಕ್ಕೆ ಬಾಗಿ ಮುಂದಿನ ಭಾಗದಲ್ಲಿ ಕೈ ಇಟ್ಟರು. ಭುಜಗಳು ಹಿಂದೆ ಮುಂದೆ ಆದವು, ಒಂದಕ್ಕೊಂದು ಒತ್ತುವುದು ನಿಂತಿತು. ಅರ್ಧ ಗಂಟೆಗೊಮ್ಮೆ ಅದಲು ಬದಲು. ಅವರಿಗೆ ಒರಗಬೇಕು ಅನ್ನಿಸಿದಾಗ ನಾನು ಮುಂದೆ ಬರುತ್ತಿದ್ದೆ. ಸೊಂಟದ ಹತ್ತಿರ ನನ್ನ ಶಾಲನ್ನು ನಾಲ್ಕು ಮಡಿಕೆ ಮಾಡಿ ಆರ್ಮ್‌ರೆಸ್ಟಿನ ಕೆಳಗಿನ ಸಂದಿಯಲ್ಲಿ ಇಟ್ಟೆ. ಅಲ್ಲಿ ಬಟ್ಟೆ ಬಂದ ಮೇಲೆ ನನಗೆ ಮನಸ್ಸಿಗೂ ಸಲೀಸಾಯಿತು, ಅವರಿಗೂ ಮುಜುಗರ ಕಡಿಮೆಯಾಯಿತು. ಆರ್ಮ್‌ರೆಸ್ಟನ್ನು ಎತ್ತೋಣವಾ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದೆ, ಅದು ನನ್ನ ಗಡಿ. ಅದನ್ನು ಕೆಳಗೇ ಇಡಿ ಎಂದು ಹೇಳುವ ಹಕ್ಕು ನಡುವೆ ಕೂತವರಿಗೆ ಉಂಟು. ಗಂಡ ಹೆಂಡತಿ, ತಾಯಿ ಮಕ್ಕಳಾದರೆ ಎತ್ತಿಕೊಳ್ಳಲಿ.

ನಡುಸೀಟಿನವರಿಗೆ ಎರಡೂ ಆರ್ಮ್‌ರೆಸ್ಟ್ ಬಿಟ್ಟುಕೊಡಬೇಕು ಎಂಬ ರೂಢಿ ಉಂಟು. ಕಿಟಕಿಯವರಿಗೆ ಒರಗಲು ಗೋಡೆ, ದಾರಿ ಬದಿಯವರಿಗೆ ಕಾಲು ಚಾಚಲು ಜಾಗ, ನಡುವಿನವರಿಗೆ ಏನೂ ಇಲ್ಲ, ಅದಕ್ಕೆ. ಒಳ್ಳೆಯ ರೂಢಿ. ಆದರೆ ನಮ್ಮ ಕಡೆ ವಿಮಾನದಲ್ಲಿ ಅದನ್ನು ತಿಳಿದವರು ಕಡಿಮೆ. ಉಡುಪಿ–ಮಂಗಳೂರು ಬಸ್ಸಿನಲ್ಲಿ ಸೀಟಿನ ನಡುವೆ ಪಟ್ಟಿ ಇರುವುದಿಲ್ಲ, "ಸ್ವಲ್ಪ ಜರುಗಿ" ಅಂದರೆ ಎಲ್ಲರೂ ಜರುಗುತ್ತಾರೆ, ಸುರತ್ಕಲ್ ಬರುವಾಗ ಅರ್ಧ ಜನ ಇಳಿದಿರುತ್ತಾರೆ. ವಿಮಾನದಲ್ಲಿ ಜರುಗಲು ಜಾಗವೂ ಇಲ್ಲ, ನಡುವೆ ಇಳಿಯುವವರೂ ಇಲ್ಲ. ಹಾಗಾಗಿ ಬಾಯಿ ಬಿಟ್ಟು ಮಾತಾಡಬೇಕು. ಮಾತಾಡದೆ ಮೊಣಕೈಯಿಂದ ತಳ್ಳಾಡುವುದು, ನಿಟ್ಟುಸಿರು ಬಿಡುವುದು, ಸಿಬ್ಬಂದಿಗೆ ಕಣ್ಣಲ್ಲೇ ದೂರು ಹೇಳುವುದು, ಇದೆಲ್ಲ ಪಕ್ಕದವರಿಗೆ ಗೊತ್ತಾಗುತ್ತದೆ. ಅವರಿಗೆ ಅದು ದಿನವೂ ಅನುಭವಿಸುವ ವಿಷಯ.

ನನ್ನ ಪಕ್ಕದವರು ನೀರು ಕುಡಿಯುತ್ತಿರಲಿಲ್ಲ. ಕಾಫಿ ತೆಗೆದುಕೊಳ್ಳಿ ಎಂದೆ. ತಿಂಡಿಯ ಹಲಗೆ ಅವರ ಹೊಟ್ಟೆಗೆ ತಾಗಿ ಓರೆಯಾಗಿ ನಿಲ್ಲುತ್ತಿತ್ತು. ಕಪ್ ಇಟ್ಟರೆ ಜಾರುತ್ತದೆ. ನನ್ನ ಹಲಗೆಯ ಮೇಲೆ ಅವರ ಕಪ್ ಇಟ್ಟುಕೊಂಡೆ. ಆಗ ಹೇಳಿದರು, ವಿಮಾನದ ದಿನ ಸಂಜೆಯಿಂದಲೇ ನೀರು ಕಡಿಮೆ ಮಾಡುತ್ತಾರಂತೆ. ಕುಡಿದರೆ ಏಳಬೇಕು, ಎದ್ದರೆ ಎಲ್ಲರೂ ನೋಡುತ್ತಾರೆ, ಟಾಯ್ಲೆಟ್ಟಿನ ಒಳಗೆ ತಿರುಗಲು ಆಗುವುದಿಲ್ಲ. ಎರಡು ಸೀಟು ತೆಗೆದುಕೊಳ್ಳಲು ಯೋಚಿಸಿದ್ದರಂತೆ. ಶಾಲೆಯ ರಜೆಯ ಸಮಯ, ಗಲ್ಫ್ ಟಿಕೆಟ್ ದರ ಏರಿತ್ತು. "ಎರಡು ಟಿಕೆಟಿನ ದುಡ್ಡಲ್ಲಿ ಅಮ್ಮನಿಗೆ ಎರಡು ತಿಂಗಳ ಮದ್ದು ಬರ್ತದೆ ಅಕ್ಕಾ" ಅಂದರು. ನನಗೆ ಉತ್ತರ ಬರಲಿಲ್ಲ.

ದುಬೈಯಲ್ಲಿ ಮಗು ರಾತ್ರಿ ಮಲಗುತ್ತಿರಲಿಲ್ಲ. ಮಗಳಿಗೆ ನಿದ್ದೆ ಬೇಕಲ್ವಾ, ನಾನು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಮೊಬೈಲಿನಲ್ಲಿ ಈ ಸೀಟಿನ ವಿಷಯವನ್ನೇ ಓದುತ್ತಾ ಕೂರುತ್ತಿದ್ದೆ. ನಾವು ಹೆಚ್ಚಾಗಿ ಹತ್ತುವ ಎರಡು ಜಾತಿಯ ವಿಮಾನಗಳಲ್ಲಿ, ಅಂದರೆ ಬೋಯಿಂಗ್ 737 ಮತ್ತು ಏರ್‌ಬಸ್ 320, ಎರಡರಲ್ಲೂ ಇಕಾನಮಿಯ ಒಂದು ಅಡ್ಡಸಾಲಿಗೆ ಆರು ಸೀಟು. 737ರಲ್ಲಿ ಸೀಟು ಸುಮಾರು 17 ಇಂಚು, 320ರಲ್ಲಿ 18ರವರೆಗೆ. 320 ಒಳಗಡೆ ಸುಮಾರು 6 ಇಂಚು ಜಾಸ್ತಿ ಅಗಲ, ಅದು ಆರು ಜನಕ್ಕೆ ಹಂಚಿ ಹೋಗುತ್ತದೆ. ತಲೆಗೆ ಒಂದು ಇಂಚು. ಒಂದು ಇಂಚು ಏನು ಮಹಾ ಅನ್ನಬೇಡಿ. ಬ್ಲೌಸಿನಲ್ಲಿ ಅರ್ಧ ಇಂಚು ಹೆಚ್ಚುಕಡಿಮೆಯಾದರೆ ಗಿರಾಕಿ ವಾಪಸ್ ತರುತ್ತಾರೆ.

ದೊಡ್ಡ ವಿಮಾನಗಳಲ್ಲೂ ಇದೇ. ಬೋಯಿಂಗ್ 777ರಲ್ಲಿ ಮೊದಲು ಬಹಳಷ್ಟು ಕಂಪನಿಗಳು ಅಡ್ಡಸಾಲಿಗೆ 9 ಸೀಟು ಹಾಕುತ್ತಿದ್ದವು, ಆಮೇಲೆ ಅನೇಕರು 10 ಮಾಡಿದರು. ವಿಮಾನ ಅಗಲವಾಗಲಿಲ್ಲ. ಅದೇ ಪನ್ನದ (ಅಗಲದ) ಬಟ್ಟೆಯಲ್ಲಿ ಒಂಬತ್ತರ ಬದಲು ಹತ್ತು ಕಟ್ ಮಾಡಿದ್ದು. ಯಾವ ಟೈಲರಾದರೂ ಹೇಳಬಹುದು, ಹಾಗೆ ಉಳಿಸಿದ ಬಟ್ಟೆ ಬರುವುದು ಹಾಕಿಕೊಳ್ಳುವವರ ಮೈಯಿಂದಲೇ. 2013ರಲ್ಲಿ ಏರ್‌ಬಸ್ ಕಂಪನಿಯೇ ದೂರದ ಪ್ರಯಾಣಕ್ಕೆ ಕನಿಷ್ಠ 18 ಇಂಚಿನ ಸೀಟು ಇರಬೇಕು ಎಂದು ಕೇಳಿತ್ತು. ಅದು ಎಲ್ಲರೂ ಪಾಲಿಸುವ ನಿಯಮ ಆಗಲಿಲ್ಲ. ಅಮೆರಿಕದಲ್ಲಿ 2018ರ ಒಂದು ಕಾನೂನು, ಸೀಟಿನ ಕನಿಷ್ಠ ಅಳತೆ ಗೊತ್ತು ಮಾಡಿ ಎಂದು ಅಲ್ಲಿನ ವಿಮಾನಯಾನ ಇಲಾಖೆಗೆ ಹೇಳಿತು. ಇಲಾಖೆ 2022ರಲ್ಲಿ ಜನರ ಅಭಿಪ್ರಾಯ ಕೇಳಿದಾಗ 26,000ಕ್ಕೂ ಜಾಸ್ತಿ ಜನ ಬರೆದರು. ಅಷ್ಟು ಜನ ಕೂತು ಬರೆದಿದ್ದಾರೆ ಅಂದರೆ ನೋವು ನಮ್ಮ ಊರಿನದ್ದು ಮಾತ್ರ ಅಲ್ಲ.

ಇದು ಬರೀ ಆರಾಮದ ಪ್ರಶ್ನೆಯೂ ಅಲ್ಲ. ಹೊಸ ಮಾದರಿಯ ದೊಡ್ಡ ವಿಮಾನಕ್ಕೆ ಒಪ್ಪಿಗೆ ಸಿಗಬೇಕಾದರೆ, ಅರ್ಧದಷ್ಟು ಬಾಗಿಲು ಮುಚ್ಚಿದ್ದರೂ ಎಲ್ಲ ಪ್ರಯಾಣಿಕರೂ 90 ಸೆಕೆಂಡಿನಲ್ಲಿ ಹೊರಗೆ ಬರಲು ಆಗುತ್ತದೆ ಎಂದು ತೋರಿಸಬೇಕು. ನನ್ನ ಸಾಲಿನಲ್ಲಿ ಒಂದು ಸೀಟಿನ ಬೆನ್ನಿನಿಂದ ಮುಂದಿನ ಸೀಟಿನ ಬೆನ್ನಿಗೆ 29 ಇಂಚು ಇತ್ತು. ನಾವು ಮೂವರು ಆ ಸಂದಿಯಿಂದ ಎದ್ದು ದಾರಿಗೆ ಬರುವುದಕ್ಕೇ ದುಬೈಯಲ್ಲಿ ಎಷ್ಟು ಹೊತ್ತು ಬೇಕಾಯಿತು ಎಂದು ನಾನು ನೋಡಿದ್ದೇನೆ.

ದುಡ್ಡಿನ ವಿಷಯದಲ್ಲಿ ಒಂದೊಂದು ಕಡೆ ಒಂದೊಂದು ಪದ್ಧತಿ. ಕೆನಡಾದಲ್ಲಿ 2008ರಲ್ಲಿ ಅಲ್ಲಿನ ಸಾರಿಗೆ ಪ್ರಾಧಿಕಾರ, ಮೈಯ ಗಾತ್ರದಿಂದ ಅಂಗವಿಕಲರಷ್ಟೇ ಕಷ್ಟ ಇರುವವರಿಗೆ ದೇಶದ ಒಳಗಿನ ಪ್ರಯಾಣದಲ್ಲಿ ಎರಡನೇ ಸೀಟಿಗೆ ದುಡ್ಡು ತೆಗೆದುಕೊಳ್ಳಬಾರದು ಎಂದು ಅಲ್ಲಿನ ದೊಡ್ಡ ಕಂಪನಿಗಳಿಗೆ ಆದೇಶ ಕೊಟ್ಟಿತು. ಒಬ್ಬ ಮನುಷ್ಯನಿಗೆ ಒಂದೇ ದರ. ಇನ್ನೊಂದು ಕಡೆ 2013ರಲ್ಲಿ ಸಮೋವಾ ಏರ್ ಎಂಬ ಪುಟ್ಟ ಕಂಪನಿ ಪ್ರಯಾಣಿಕರನ್ನು ತೂಕ ಮಾಡಿ ಕಿಲೋ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳಲು ಶುರು ಮಾಡಿತ್ತು. ಅದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಮನುಷ್ಯನನ್ನು ಅಕ್ಕಿ ಮೂಟೆಯ ಹಾಗೆ ತೂಗಬಾರದು. ನಮ್ಮ ದೇಶದಲ್ಲಿ ಇಂಡಿಗೋದಂಥ ಕಂಪನಿಯಲ್ಲಿ ಒಬ್ಬರೇ ಎರಡು ಸೀಟು ಬುಕ್ ಮಾಡುವ ಅವಕಾಶ ಉಂಟು, ದುಡ್ಡು ಕೊಡಬೇಕು.

ನನ್ನ ಅಂಗಡಿಯ ಲೆಕ್ಕ ಹೇಳುತ್ತೇನೆ. ದೊಡ್ಡ ಮೈಯವರ ಶರ್ಟಿಗೂ ಸಣ್ಣ ಮೈಯವರ ಶರ್ಟಿಗೂ ಹೊಲಿಗೆ ಕೂಲಿ ಒಂದೇ. ಬಟ್ಟೆ ಮಾತ್ರ ಸ್ವಲ್ಪ ಜಾಸ್ತಿ ತರಬೇಕು. ಯಾರಿಗೂ ಅದು ಅನ್ಯಾಯ ಅನ್ನಿಸುವುದಿಲ್ಲ, ಯಾಕೆಂದರೆ ಕಾಲು ಮೀಟರ್ ಬೇಕಿದ್ದರೆ ಕಾಲು ಮೀಟರಿಗೇ ದುಡ್ಡು. ಇಲ್ಲಿ 4 ಇಂಚು ಬೇಕಿದ್ದವರಿಗೆ 17 ಇಂಚಿನ ಇನ್ನೊಂದು ಪೂರ್ತಿ ತುಂಡನ್ನು ಪೂರ್ತಿ ದರಕ್ಕೆ ಕೊಂಡುಕೋ ಅನ್ನುತ್ತಾರೆ. ಕೊಳ್ಳದಿದ್ದರೆ ಪಕ್ಕದವರ ಬಟ್ಟೆಯಿಂದ ಹರಿದು ಕೊಡುತ್ತಾರೆ. ಎರಡೂ ಸರಿಯಲ್ಲ. ಎರಡನೇ ಸೀಟು ಅರ್ಧ ದರಕ್ಕೆ ಕೊಡಬಹುದು. ಪ್ರತಿ ವಿಮಾನದಲ್ಲಿ ಒಂದೆರಡು ಸಾಲಿನಲ್ಲಿ ಮೂರರ ಬದಲು ಎರಡೇ ಅಗಲದ ಸೀಟು ಹಾಕಿ ಸ್ವಲ್ಪ ಜಾಸ್ತಿ ದುಡ್ಡು ತೆಗೆದುಕೊಳ್ಳಬಹುದು. ಕಾಲಿಗೆ ಜಾಗ ಜಾಸ್ತಿ ಇರುವ ಸೀಟು ಮಾರುತ್ತಾರೆ, ಸೊಂಟಕ್ಕೆ ಜಾಗ ಜಾಸ್ತಿ ಇರುವ ಸೀಟು ಯಾಕೆ ಮಾರುವುದಿಲ್ಲ?

ದೊಡ್ಡ ಮೈಯವರು ಸೀಟು ಆರಿಸುವಾಗ ನೋಡಬೇಕಾದದ್ದು ಒಂದು ಉಂಟು. ಮುಂದೆ ಜಾಗ ಇರುತ್ತದೆ ಎಂದು ಎಷ್ಟೋ ಜನ ಮೊದಲ ಸಾಲು ತೆಗೆದುಕೊಳ್ಳುತ್ತಾರೆ. ಅಲ್ಲಿ ತಿಂಡಿಯ ಹಲಗೆ ಆರ್ಮ್‌ರೆಸ್ಟಿನ ಒಳಗೇ ಮಡಚಿರುತ್ತದೆ. ಆರ್ಮ್‌ರೆಸ್ಟ್ ದಪ್ಪ, ಮೇಲೆ ಎತ್ತಲು ಬರುವುದಿಲ್ಲ, ಸೀಟು ಇನ್ನೂ ಕಿರಿದು. ತುರ್ತು ಬಾಗಿಲಿನ ಸಾಲಿನಲ್ಲಿ ತುಂಡು ಬೆಲ್ಟು ಬೇಕಾದವರನ್ನು ಕೂರಿಸುವುದಿಲ್ಲ. ಹಾಗಾಗಿ ಆ ಎರಡೂ ಬಿಟ್ಟು ಬೇರೆ ಸಾಲಿನ ದಾರಿ ಬದಿಯ ಸೀಟು ಒಳ್ಳೆಯದು. ಬಹಳ ವಿಮಾನಗಳಲ್ಲಿ ದಾರಿ ಬದಿಯ ಆರ್ಮ್‌ರೆಸ್ಟ್ ಕೂಡ ಎತ್ತಲು ಬರುತ್ತದೆ. ಅದರ ಕೆಳಭಾಗದಲ್ಲಿ, ಹಿಂದಿನ ಕೀಲಿನ ಹತ್ತಿರ, ಒಂದು ಸಣ್ಣ ಗುಂಡಿ ಇರುತ್ತದೆ. ಬೆರಳು ಹಾಕಿ ಒತ್ತಿದರೆ ಮೇಲೆ ಬರುತ್ತದೆ. ಹಾರುವಾಗ, ಇಳಿಯುವಾಗ ಕೆಳಗೆ ಇರಬೇಕು, ನಡುವೆ ಎತ್ತಿಕೊಳ್ಳಬಹುದು. ಕಾಪುವಿನವರಿಗೆ ಅದನ್ನು ತೋರಿಸಿದ್ದು ಕಿಟಕಿಯ ಹುಡುಗ. ಇಷ್ಟು ವರ್ಷ ಓಡಾಡಿದರೂ ಅವರಿಗೆ ಯಾರೂ ಹೇಳಿರಲಿಲ್ಲ. ಅದನ್ನು ಎತ್ತಿದ ಮೇಲೆ ಅವರ ಸೊಂಟಕ್ಕೆ ಎರಡು ಇಂಚು ಸಿಕ್ಕಿತು, ನನಗೂ ಒಂದು ಇಂಚು ಬಿಡುಗಡೆ. ತುಂಡು ಬೆಲ್ಟನ್ನು ಹತ್ತುವಾಗ ಬಾಗಿಲಲ್ಲೇ ಕೇಳಿ ತೆಗೆದುಕೊಂಡರೆ ಕೂಗಾಟ ಇರುವುದಿಲ್ಲ.

ಪಕ್ಕದಲ್ಲಿ ಕೂತವರಿಗೆ ತಡೆಯಲು ಆಗದಷ್ಟು ಇಕ್ಕಟ್ಟಾದರೆ ಬಾಗಿಲು ಮುಚ್ಚುವ ಮೊದಲೇ ಎದ್ದು ಹೋಗಿ ಸಿಬ್ಬಂದಿಗೆ ಹೇಳಬೇಕು, ದೊಡ್ಡ ಮೈಯವರ ಎದುರಿಗೆ ಅಲ್ಲ. ಆಗ ಖಾಲಿ ಸೀಟು ಇದ್ದರೆ ಸಿಗುತ್ತದೆ. ಮೇಲೆ ಹಾರಿದ ಮೇಲೆ ಸಿಬ್ಬಂದಿಯ ಕೈಯಲ್ಲೂ ಏನೂ ಇರುವುದಿಲ್ಲ. ನಾನು ಕೇಳಿದಾಗ ವಿಮಾನ ಪೂರ್ತಿ ಭರ್ತಿ ಇತ್ತು. ವಿಮಾನದ ಹಿಂಭಾಗದ ಗ್ಯಾಲಿಯಲ್ಲಿದ್ದ (ತಿಂಡಿ ಸಿದ್ಧ ಮಾಡುವ ಜಾಗ) ಇನ್ನೊಬ್ಬ ಹುಡುಗಿ "ಮೇಡಂ, ಬೇಕಾದಾಗ ಬಂದು ಇಲ್ಲಿ ನಿಂತುಕೊಳ್ಳಿ" ಅಂದಳು, ಕುಡಿಯಲು ನೀರು ಕೊಟ್ಟಳು. ಅವಳ ಕೈಯಲ್ಲೇ ಪಕ್ಕದವರಿಗೂ ಒಂದು ಲೋಟ ಕಳಿಸಿದೆ. ಈ ಸಲ ಕುಡಿದರು.

ಬರುವಾಗ ಬೇರೆ ಕಂಪನಿಯಲ್ಲಿ ಬೆಂಗಳೂರು ದಾರಿಯಾಗಿ ಬಂದೆ. ದುಬೈಯಲ್ಲಿ ನನ್ನ ಮುಂದಿನ ಸಾಲಿನಲ್ಲಿ ಒಬ್ಬ ದೊಡ್ಡ ಮೈಯ ಹೆಂಗಸು ಕೂತಿದ್ದರು. ಸಿಬ್ಬಂದಿಯ ಹುಡುಗ ತುಂಡು ಬೆಲ್ಟನ್ನು ಅಂಗೈಯಲ್ಲಿ ಸುತ್ತಿ ತಂದು, ಬಗ್ಗಿ, ಕಂಬಳಿ ಕೊಡುವ ಹಾಗೆ ಕೊಟ್ಟು ಹೋದ. ಪಕ್ಕದವರಿಗೂ ಗೊತ್ತಾಗಲಿಲ್ಲ. ಅವನಿಗೆ ಯಾರಾದರೂ ಕಲಿಸಿರಬೇಕು. ಬೆಂಗಳೂರಿನಿಂದ ಮಂಗಳೂರಿಗೆ ಸಣ್ಣ ಎಟಿಆರ್ ವಿಮಾನ. ಅದರಲ್ಲಿ ದಾರಿಯ ಆಚೆ ಎರಡು, ಈಚೆ ಎರಡು ಸೀಟು, ನಡುಸೀಟು ಎಂಬುದೇ ಇಲ್ಲ. ಸದ್ದು ಜಾಸ್ತಿ, ಕಿಟಕಿ ಸಣ್ಣದು, ಬ್ಯಾಗು ಇಡಲು ಜಾಗ ಕಡಿಮೆ. ಆದರೂ ಮೈ ಬಿಟ್ಟು ಕೂತೆ. ಬೆಂಗಳೂರಿಗೆ ಹೋಗುವ ದೊಡ್ಡ ಮೈಯವರು, ವಯಸ್ಸಾದವರು ಸಮಯ ಹೊಂದಿದರೆ ಎಟಿಆರ್ ಇರುವ ವಿಮಾನವನ್ನೇ ನೋಡಿ ಬುಕ್ ಮಾಡಿ ಎಂದು ನಾನು ಹೇಳುತ್ತೇನೆ. ಬುಕ್ ಮಾಡುವಾಗ ವಿಮಾನದ ಜಾತಿ ಅಲ್ಲೇ ಬರೆದಿರುತ್ತದೆ.

ಹೋಗುವಾಗಿನ ಕಂಪನಿಗೆ ನಾನು ಐದರಲ್ಲಿ ಎರಡು ಕೊಡುತ್ತೇನೆ. ಸಮಯಕ್ಕೆ ಹೊರಟಿತು, ಸಮಯಕ್ಕೆ ಮುಟ್ಟಿಸಿತು, ಪೆಟ್ಟಿಗೆ ಸರಿಯಾಗಿ ಬಂತು, ಅದಕ್ಕೆ ಎರಡು. ಉಳಿದದ್ದು ಸೀಟಿಗೂ ಆ ಕೂಗಿಗೂ ಹೋಯಿತು. ಕಂಪನಿಗೆ ಮೇಲ್ ಬರೆದಿದ್ದೇನೆ, ವಿಮಾನ ಪ್ರಯಾಣಿಕರ ದೂರು ತೆಗೆದುಕೊಳ್ಳುವ ಸರಕಾರದ ಏರ್‌ಸೇವಾದಲ್ಲೂ ಹಾಕಿದ್ದೇನೆ. ಬೆಲ್ಟು ಕೊಡುವ ರೀತಿಯನ್ನು ಸಿಬ್ಬಂದಿಗೆ ಕಲಿಸಿ, ಬುಕಿಂಗ್ ಪುಟದಲ್ಲಿ ಸೀಟಿನ ಅಗಲವನ್ನು ಇಂಚಿನಲ್ಲಿ ಬರೆಯಿರಿ, ಎರಡನೇ ಸೀಟಿಗೆ ಅರ್ಧ ದರ ಮಾಡಿ ಎಂದು ಕೇಳಿದ್ದೇನೆ. ಸಂಬಂಧಪಟ್ಟವರಿಗೆ ಕಳಿಸಿದ್ದೇವೆ ಎಂದು ಒಂದು ಉತ್ತರ ಬಂದಿದೆ. ಮುಂದೆ ಏನಾದರೂ ಬಂದರೆ ಇಲ್ಲೇ ಕೆಳಗೆ ಸೇರಿಸುತ್ತೇನೆ. ಬೇರೆ ವಿಮಾನದಲ್ಲಿ ಯಾರಾದರೂ ಟೇಪು ಹಿಡಿದು ಅಳತೆ ನೋಡಿದ್ದರೆ ಅದನ್ನೂ ಬರೆಯಿರಿ, ಒಳಗಿನ ಅಂಚಿನಿಂದ ಒಳಗಿನ ಅಂಚಿಗೆ.